ಉರ್ಸಿನಿ ಇಂಗ್ಲಿಷಿನಲ್ಲೂ ಸ್ಲೊವಾಕ್‌ನಲ್ಲೂ: ಇಬ್ಬರಲ್ಲ, ಒಬ್ಬರೇ

ಉರ್ಸಿನಿ ಹೆಸರಿನ ಒಂದು ಆಲ್ಬಂ ಇಂಗ್ಲಿಷ್, ಇನ್ನೊಂದು ಸ್ಲೊವಾಕ್, ಇವರು ಬೇರೆ ಬೇರೆ ಗಾಯಕರೇ ಎಂದು ಕೇಳಿದ್ದೀರಿ. ಸ್ಲೊವಾಕ್ ರಾಕ್ ಗಾಯಕ, ಗಿಟಾರ್ ವಾದಕ ಡೆಝೋ ಉರ್ಸಿನಿ (1947–1995) ನಡುವೆ ಹಾಡುವ ಭಾಷೆ ಬದಲಿಸಿದ್ದೇ ಈ ಗೊಂದಲಕ್ಕೆ ಕಾರಣ. ಬ್ರಾಟಿಸ್ಲಾವಾದ ಹಲವು ಬೀಟ್ (1960ರ ದಶಕದ ರಾಕ್ ಶೈಲಿ) ಬ್ಯಾಂಡ್‌ಗಳು ಆಗ ಇಂಗ್ಲಿಷಿನಲ್ಲೇ ಹಾಡುತ್ತಿದ್ದವು. ಉರ್ಸಿನಿಯ 1973ರ ಆಲ್ಬಂ 'ಪ್ರೊವಿಸೋರಿಯಂ' ಕೂಡ ಇಂಗ್ಲಿಷೇ. 1978ರ 'ಪೆವ್ನಿನಾ ಡೆಟ್ಸ್ತ್ವಾ'ದಿಂದ ಕವಿ ಇವಾನ್ ಶ್ತ್ರ್ಪ್ಕಾ ಬರೆದ ಸ್ಲೊವಾಕ್ ಸಾಹಿತ್ಯ ಬಂತು. ರಾಗ, ಗಿಟಾರ್, ದನಿ ಮಾತ್ರ ಉರ್ಸಿನಿಯದೇ.

ಮೊದಲು ಅವರ ಬ್ಯಾಂಡ್ 'ದಿ ಸೋಲ್‌ಮೆನ್' ಕೇಳಿ: ಉರ್ಸಿನಿ, ಬಾಸ್‌ನಲ್ಲಿ ಫೆಡೋರ್ ಫ್ರೆಶೋ, ಡ್ರಮ್ಸ್‌ನಲ್ಲಿ ದುಶಾನ್ ಹಾಯೆಕ್, ಮೂರೇ ಜನ. 1967ರ ಡಿಸೆಂಬರಿನಲ್ಲಿ ಪ್ರಾಗ್‌ನ ಲುಸೆರ್ನಾ ಸಭಾಂಗಣದಲ್ಲಿ ನಡೆದ ಮೊದಲ ಚೆಕೊಸ್ಲೊವಾಕ್ ಬೀಟ್ ಉತ್ಸವ ಗೆದ್ದದ್ದು ಇವರೇ. ಆಮೇಲೆ 'ಪ್ರೊವಿಸೋರಿಯಂ'. ಅದರ 'ಕ್ರಿಸ್ಮಸ್ ಟೈಮ್' ಬಹಳ ಉದ್ದ, ಅರ್ಧಕ್ಕೆ ಬಿಡಬೇಡಿ. ಕೊನೆಗೆ 'ಪೆವ್ನಿನಾ ಡೆಟ್ಸ್ತ್ವಾ', 'ಮೊಡ್ರೀ ವ್ರ್ಖ್' (1981). ಈ ಕೊನೆಯ ಎರಡರಲ್ಲಿ ನನ್ನ ಮಟ್ಟಿಗೆ 'ಮೊಡ್ರೀ ವ್ರ್ಖ್' ಮೇಲು.

ಇನ್ನೂ ಕೆಲವು ಹಾಡು ಸಿಗದಿದ್ದರೆ ಬಹುಶಃ ಅವು ಅವರಿದ್ದ ಬ್ಯಾಂಡ್‌ಗಳ ಹೆಸರಿನಡಿ ಇವೆ. 'ದಿ ಬೀಟ್‌ಮೆನ್', 'ದಿ ಸೋಲ್‌ಮೆನ್' ಎಂದೂ, ಡೆಝೋ ಬದಲು ಪೂರ್ತಿ ಹೆಸರು ಡೆಜಿಡೆರ್ ಎಂದೂ ಹುಡುಕಿ. ಅಕ್ಷರದ ಮೇಲಿನ ಚಿಹ್ನೆಗಳನ್ನು ಬಿಟ್ಟು ಟೈಪ್ ಮಾಡಿದರೂ ಸಾಮಾನ್ಯವಾಗಿ ಸಿಗುತ್ತವೆ.