ದರೋಜಿಗೆ ಹುಲಿ ಬಿಟ್ರೆ ಆಗಲ್ವಾ?

ಅಣ್ಣಾ, ಕೊಪ್ಪಳದಿಂದ ನೀವು ಕೇಳಿದ್ದು ಇಷ್ಟು: ದರೋಜಿಯಲ್ಲಿ ಕರಡಿಧಾಮ ಇದೆ, ಅಲ್ಲೇ ನಾಲ್ಕು ಹುಲಿ ಬಿಟ್ಟು ಹುಲಿಧಾಮ ಮಾಡಬಾರದಾ ಅಂತ.

ಆಗಲ್ಲ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಜಿಂಕೆಯಷ್ಟು ಬೇಟೆ ಬೇಕು. ದರೋಜಿ ಇರೋದೇ ಸುಮಾರು 82 ಚದರ ಕಿಲೋಮೀಟರ್, ಅದೂ ಬಂಡೆ, ಕುರುಚಲು ಗಿಡ. ಸುತ್ತ ಹೊಲ, ಊರು. ಬೇಟೆ ಸಿಗದ ಹುಲಿ ಸೀದಾ ನಮ್ಮ ಕುರಿಹಟ್ಟಿಗೆ ಬರುತ್ತದೆ, ಆಮೇಲೆ ಜಗಳ ಯಾರ ಜೊತೆ ಮಾಡೋದು? ಬಂಡೀಪುರದ ಒಳಕಾಡೇ 870 ಚದರ ಕಿಲೋಮೀಟರ್ ದಾಟುತ್ತದೆ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲ 9 ಕಾಡುಗಳಲ್ಲಿ ಅದೂ ಒಂದು.

ಆದರೆ ಹುಲಿ ಕಾಡಿಗೂ ನಮಗೂ ಸಂಬಂಧ ಇಲ್ಲ ಅನ್ನಬೇಡಿ. ಭದ್ರಾ ಹುಲಿ ಕಾಡಿನ ಹಳ್ಳಗಳು ಭದ್ರಾ ನದಿ ಸೇರುತ್ತವೆ. ಅದು ಕೂಡಲಿಯಲ್ಲಿ ತುಂಗೆಯನ್ನು ಕೂಡಿ ನಮ್ಮ ತುಂಗಭದ್ರಾ ಡ್ಯಾಮಿಗೆ ಬರುತ್ತದೆ. ಗಂಗಾವತಿ ಭತ್ತ, ಸಿಂಧನೂರು ಭತ್ತ ಎಲ್ಲ ಆ ನೀರಿಂದಲೇ ಅಲ್ವಾ! ಆ ಕಾಡಿನೊಳಗಿದ್ದ 400ಕ್ಕೂ ಜಾಸ್ತಿ ಕುಟುಂಬಗಳು 2002ರ ಹೊತ್ತಿಗೆ ಜಮೀನು ಪಡೆದು ಹೊರಗೆ ಬಂದವು. ಊರು ಬಿಡೋದು ಸಣ್ಣ ಮಾತಲ್ಲ.

ಮಕ್ಕಳಿಗೆ ಹುಲಿ ತೋರಿಸಬೇಕಂದ್ರೆ ಕಮಲಾಪುರದ ಝೂನಲ್ಲಿ ಸಫಾರಿ ಇದೆ. ಕಾಡಿನದೇ ಬೇಕಂದ್ರೆ ಹುಬ್ಬಳ್ಳಿ ದಾಟಿ ದಾಂಡೇಲಿಗೆ ಹೋಗಿ. ಹುಲಿ ಕಂಡೇ ಕಾಣುತ್ತೆ ಅಂತ ಮಾತ್ರ ಮಕ್ಕಳಿಗೆ ಹೇಳಬೇಡಿ.