ಓದುಗರ ಪ್ರಶ್ನೆ: ಶಿಖರದಲ್ಲಿ ಗಿಡ ಹೆಚ್ಚಾದರೆ ಸಂತೋಷಪಡಬೇಕಲ್ಲವೇ?

ಪ್ರಶ್ನೆ: ಯುರೋಪಿನ ಪರ್ವತಗಳ ತುದಿಯಲ್ಲಿ ಈಗ ಹಿಂದಿಗಿಂತ ಹೆಚ್ಚು ಬಗೆಯ ಗಿಡಗಳಿವೆ ಎಂದು ಓದಿದೆ. ಹಾಗಿರುವಾಗ ಬಿಸಿಯೇರುತ್ತಿರುವ ಹವೆಯಿಂದ ಪರ್ವತಸಸ್ಯಗಳು ಅಳಿಯುತ್ತವೆ ಎನ್ನುವುದನ್ನು ನಂಬುವುದು ಹೇಗೆ? (ನಿವೃತ್ತ ಶಿಕ್ಷಕರೊಬ್ಬರು)

ಉತ್ತರ: ಮೇಷ್ಟ್ರೇ, ನೀವು ಓದಿದ್ದು ನಿಜ. 302 ಶಿಖರಗಳಲ್ಲಿ ಸುಮಾರು 145 ವರ್ಷಗಳಿಂದ ನಡೆದ ಸಸ್ಯಗಣತಿಗಳನ್ನು ಒಟ್ಟಿಗಿಟ್ಟು ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. 1957–1966ರ ದಶಕಕ್ಕೆ ಹೋಲಿಸಿದರೆ 2007–2016ರಲ್ಲಿ ಶಿಖರಗಳಿಗೆ ಹೊಸದಾಗಿ ಬಂದು ಸೇರಿದ ಪ್ರಭೇದಗಳು ಐದು ಪಟ್ಟು. ಆದರೆ ಆ ಸಂಖ್ಯೆ ಕಂಡು ನನಗೆ ಸಮಾಧಾನವಾಗುವುದಿಲ್ಲ. ಬಂದವು ಹೆಚ್ಚಾಗಿ ಕೆಳಗಿನ ಇಳಿಜಾರಿನ ಗಿಡಗಳು. ನೂರು ಮೀಟರ್ ಏರಿದರೆ ಸುಮಾರು 0.6 ಡಿಗ್ರಿ ತಂಪು. ಹಾಗಾಗಿ ಹವೆ ಒಂದು ಡಿಗ್ರಿ ಬಿಸಿಯಾದರೆ ಹಳೆಯ ತಂಪು ಸಿಗಲು ನೂರೈವತ್ತು ಮೀಟರಿಗೂ ಹೆಚ್ಚು ಏರಬೇಕು. ಕೆಳಗಿನವಕ್ಕೆ ಏರಲು ಜಾಗವಿದೆ. ಮೊದಲಿನಿಂದ ತುದಿಯಲ್ಲೇ ಇದ್ದ ಗಿಡ ಎಲ್ಲಿಗೆ ಹೋಗಬೇಕು?

ಅಂಥ ಗಿಡವನ್ನು ಹತ್ತಿರದಿಂದ ನೋಡಿದರೆ ಕಷ್ಟ ಏನೆಂದು ತಿಳಿಯುತ್ತದೆ. ಸೈಲೀನ್ ಅಕಾಲಿಸ್ ಎಂಬುದು ಬಂಡೆಯ ಸಂದಿಯಲ್ಲಿ ದಿಂಬಿನ ಹಾಗೆ ಉಬ್ಬಿ ಕೂರುತ್ತದೆ. ಎಲೆಗಳು ಎಷ್ಟು ಒತ್ತೊತ್ತಾಗಿರುತ್ತವೆಂದರೆ ಬೆರಳು ತೂರಿಸುವುದೂ ಕಷ್ಟ. ಗಾಳಿ ಮೇಲಿಂದಲೇ ಹಾದುಹೋಗುತ್ತದೆ. ಬಿಸಿಲು ಬಿದ್ದಾಗ ಒಳಗಿನ ಬಿಸಿ ಹೊರಗಿನ ಹವೆಗಿಂತ ಹಲವು ಡಿಗ್ರಿ ಹೆಚ್ಚು. ಇದು ಬೆಳೆಯುವುದು ಬಲು ನಿಧಾನ, ಕೆಲವು ಗಿಡಗಳ ಆಯಸ್ಸು ಮುನ್ನೂರು ವರ್ಷ ದಾಟುತ್ತದೆ. ಇಷ್ಟು ಕುಳ್ಳಗಿದ್ದೂ ಬದುಕಲು ಸಾಧ್ಯವಾದದ್ದು ಅಲ್ಲಿ ನೆರಳು ಹಾಕುವ ಎತ್ತರದ ಹುಲ್ಲು ಇಲ್ಲದ್ದರಿಂದ. ಆ ಹುಲ್ಲೇ ಈಗ ಮೇಲೇರುತ್ತಿದೆ.

ಸ್ವಿಸ್ ಆಲ್ಪ್ಸ್‌ನಲ್ಲಿ ಒಂದು ಪ್ರಯೋಗ ನಡೆಯಿತು (2015ರಲ್ಲಿ ಪ್ರಕಟ). ಎತ್ತರದ ಗಿಡಗಳನ್ನು ಕೆಳಗಿನ ಬೆಚ್ಚನೆಯ ಜಾಗಕ್ಕೆ ತಂದು ಕೆಲವನ್ನು ಹಳೆಯ ನೆರೆಯವರೊಂದಿಗೆ, ಕೆಲವನ್ನು ಕೆಳಗಿನ ಗಿಡಗಳ ನಡುವೆ ನೆಟ್ಟರು. ಹಳೆಯ ನೆರೆಯಲ್ಲಿದ್ದವು ಬಿಸಿಯನ್ನು ತಾಳಿಕೊಂಡವು. ಹೊಸಬರ ನಡುವೆ ಸಿಕ್ಕವು ಸೊರಗಿದವು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಇಷ್ಟು ಸ್ಪಷ್ಟವಾಗಿ ಮಾತಾಡುವ ಪುರಾವೆ ಕಡಿಮೆ.

ಒಂದು ಆಸರೆಯೂ ಉಂಟು, ಅದನ್ನು ಮುಚ್ಚಿಡಬಾರದು. ಒಂದೇ ಇಳಿಜಾರಿನ ತಗ್ಗು, ಬಂಡೆಯ ನೆರಳು, ಬಿಸಿಲಿಗೆ ಮುಖಮಾಡಿದ ಮಗ್ಗುಲು ಇವುಗಳ ನಡುವೆ ನೆಲದ ಬಿಸಿ ಬಹಳ ಬೇರೆಯಿರುತ್ತದೆ. ಕೆಲವು ಗಿಡಗಳಿಗೆ ನಾಲ್ಕಾರು ಮೀಟರ್ ಸರಿದರೂ ಸಾಕಾಗಬಹುದು. ಅದರಿಂದ ಒಂದಷ್ಟು ಕಾಲ ಸಿಗುತ್ತದೆ. ಆದರೆ ಮುದಿಗಿಡಗಳು ಉಳಿದು ಸಸಿಗಳೇ ಏಳದ ಜಾಗದಲ್ಲಿ ಗಣತಿಯ ಪುಸ್ತಕ ಇನ್ನೂ ಎಷ್ಟೋ ವರ್ಷ ‘ಇದೆ’ ಎಂದೇ ತೋರಿಸುತ್ತದೆ.

ಪ್ರಶ್ನೆ: ಹಿಮ ಬೇಗ ಕರಗಿದರೆ ಗಿಡಕ್ಕೆ ಬೆಳೆಯಲು ಹೆಚ್ಚು ದಿನ ಸಿಗುತ್ತದಲ್ಲ ಮೇಡಂ? (ಕಾಲೇಜು ವಿದ್ಯಾರ್ಥಿನಿ)

ಉತ್ತರ: ಸಿಗುತ್ತದಮ್ಮ, ಆದರೆ ಹೊದಿಕೆಯೂ ಬೇಗ ಹೋಗುತ್ತದೆ. ಅಮೆರಿಕದ ಕೊಲರಾಡೋದಲ್ಲಿ ರಾಕಿ ಪರ್ವತಗಳ ಗಾಥಿಕ್ ಎಂಬಲ್ಲಿ 1973ರಿಂದ ಹೂಗಳ ಲೆಕ್ಕ ಇಡುತ್ತಿದ್ದಾರೆ. ಹಿಮ ಬೇಗ ಕರಗಿದ ವರ್ಷ ಮೊಗ್ಗು ಬೇಗ ಮೂಡುತ್ತದೆ, ಆಮೇಲೆ ಬೀಳುವ ಒಂದು ರಾತ್ರಿಯ ಕಡುಚಳಿ ಅದನ್ನು ಸುಟ್ಟುಬಿಡುತ್ತದೆ. ಅಲ್ಲಿನ ಸೂರ್ಯಕಾಂತಿಯ ದಾಯಾದಿ ಗಿಡವೊಂದು ಇಂಥ ವರ್ಷಗಳಲ್ಲಿ ಹೆಚ್ಚುಕಡಿಮೆ ಹೂವನ್ನೇ ಕಾಣುವುದಿಲ್ಲ. ಹೂವಿಲ್ಲದಿದ್ದರೆ ಬೀಜವೂ ಇಲ್ಲ.

ಪ್ರಶ್ನೆ: ಅಪರೂಪದ ಗಿಡಗಳ ಬೀಜ ತೆಗೆದಿಟ್ಟರೆ ಸಾಲದೇ? (ಒಬ್ಬ ಓದುಗರು)

ಉತ್ತರ: ತೆಗೆದಿಡಲೇಬೇಕು. ಬ್ರಿಟನ್ನಿನ ಮಿಲೇನಿಯಂ ಬೀಜಬ್ಯಾಂಕಿನಲ್ಲಿ ಬೀಜಗಳನ್ನು ಒಣಗಿಸಿ ಮೈನಸ್ 20 ಡಿಗ್ರಿಯಲ್ಲಿ ಇಟ್ಟಿದ್ದಾರೆ. ಆದರೆ ಹವಾಯಿಯ ಮಾವಿ ದ್ವೀಪದ ಹಾಲೆಯಕಲಾ ಜ್ವಾಲಾಮುಖಿಯ ಮೇಲಿನ ಸಿಲ್ವರ್‌ಸೋರ್ಡ್ ಗಿಡವನ್ನು ನೋಡಿ. ಬೆಳ್ಳಿ ಬಣ್ಣದ ರೋಮ ಹೊದ್ದ ಎಲೆಗಳ ಉಂಡೆ. ಹಲವು ದಶಕ ಹಾಗೇ ಇದ್ದು, ಒಮ್ಮೆ ಆಳೆತ್ತರದ ಹೂಗೊಂಚಲು ಎತ್ತಿ, ಬೀಜ ಕಟ್ಟಿ ಸಾಯುತ್ತದೆ. ಕಳೆದ ಶತಮಾನದ ಆರಂಭದಲ್ಲಿ ಆಡು, ದನಗಳ ಬಾಯಿಗೆ ಸಿಕ್ಕಿ, ಪ್ರವಾಸಿಗರ ಕೈಯಲ್ಲಿ ಕಿತ್ತುಬಂದು ಅಳಿವಿನಂಚಿಗೆ ಹೋಗಿತ್ತು. ಕಾಪಾಡಿದ ಮೇಲೆ ದಶಕಗಳ ಕಾಲ ಚೇತರಿಸಿಕೊಂಡಿತು. 1990ರ ದಶಕದಿಂದ ಮತ್ತೆ ಇಳಿಮುಖ. ಈ ಸಲ ಕಾರಣ ಬಿಸಿ, ಒಣ ಹವೆ. ಹೆಚ್ಚು ಸಾಯುತ್ತಿರುವುದು ಅದರ ನೆಲೆಯ ಕೆಳಗಿನ ಅಂಚಿನಲ್ಲಿ.

ಈ ಗಿಡ ತನ್ನದೇ ಪರಾಗದಿಂದ ಬೀಜ ಕಟ್ಟಲಾರದು. ಹತ್ತಿರದಲ್ಲಿ ಇನ್ನೊಂದು ಗಿಡ ಅದೇ ಹೊತ್ತಿಗೆ ಹೂಬಿಟ್ಟಿರಬೇಕು, ನಡುವೆ ಹಾರಾಡಲು ಅಲ್ಲಿನ ದೇಶೀ ಜೇನ್ನೊಣಗಳಿರಬೇಕು, ಆ ನೊಣಗಳಿಗೆ ಹೊರಗಿಂದ ಬಂದ ಅರ್ಜೆಂಟೀನಾ ಇರುವೆಗಳ ಕಾಟ ಇರಬಾರದು. ಬೀಜದ ಡಬ್ಬಿಯಲ್ಲಿ ಇದ್ಯಾವುದೂ ಬರುವುದಿಲ್ಲ. ಸಂಗ್ರಹಿಸುವವರಿಗೆ ನಾನು ಹೇಳುವುದಿಷ್ಟು: ಒಂದೇ ಗಿಡದ ಬೀಜ ಮೂಟೆಗಟ್ಟಲೆ ಬೇಡ, ಎಷ್ಟು ಸಾಧ್ಯವೋ ಅಷ್ಟು ಬೇರೆಬೇರೆ ಗಿಡಗಳಿಂದ ತೆಗೆಯಿರಿ, ಕೆಳಗಿನ ಅಂಚಿನಿಂದಲೇ ಶುರುಮಾಡಿ.