ಗೆಟ್ಟಿಸ್‌ಬರ್ಗ್‌ನ 72ನೇ ಪೆನ್ಸಿಲ್ವೇನಿಯಾ ಸ್ಮಾರಕದ ಜಾಗಕ್ಕಾಗಿ ಕೋರ್ಟ್ ಮೆಟ್ಟಿಲು ಹತ್ತಿದ್ದು ಯಾಕೆ?

ಯಾಕಂದ್ರೆ ಅಮೆರಿಕದ ಆ ಯುದ್ಧಭೂಮಿಯಲ್ಲಿ ಸ್ಮಾರಕ ನಿಂತ ಜಾಗವೇ ಒಂದು ಸಾಕ್ಷಿ. ಕಲ್ಲು ಎಲ್ಲಿದೆಯೋ ಆ ರೆಜಿಮೆಂಟ್ (ಸೈನ್ಯದ ತುಕಡಿ) ಅಲ್ಲೇ ಹೋರಾಡಿತ್ತು ಅಂತ ನೋಡಿದವರು ನಂಬುತ್ತಾರೆ.

ಅಮೆರಿಕದ ಅಂತರ್ಯುದ್ಧದಲ್ಲಿ, 1863ರ ಜುಲೈ 3ರಂದು, ಇಲ್ಲಿ ದಕ್ಷಿಣದ ಸೈನ್ಯ ಒಂದು ಗಿಡ್ಡ ಕಲ್ಲುಗೋಡೆಯ ಕಡೆ ನುಗ್ಗಿತು. ಉತ್ತರದ ಸೈನ್ಯದ 72ನೇ ಪೆನ್ಸಿಲ್ವೇನಿಯಾ ಕಾಲಾಳು ರೆಜಿಮೆಂಟ್ ಗೋಡೆಯಿಂದ ಸ್ವಲ್ಪ ಹಿಂದೆ ಮೀಸಲಾಗಿ ನಿಂತಿತ್ತು. ಅವರ ಮೇಲಧಿಕಾರಿ ಜನರಲ್ ವೆಬ್ ಮುಂದೆ ಬನ್ನಿ ಎಂದಾಗ ಮೊದಲು ಅವರು ಕದಲಲಿಲ್ಲ. ಆಮೇಲೆ ಗೋಡೆಯವರೆಗೂ ನುಗ್ಗಿದರು.

ಮೈದಾನ ನೋಡಿಕೊಳ್ಳುತ್ತಿದ್ದ ಸಂಘದ ನಿಯಮ ಸರಳ: ಸ್ಮಾರಕ ಇರಬೇಕಾದ್ದು ರೆಜಿಮೆಂಟ್ ಸಾಲುಗಟ್ಟಿ ನಿಂತ ಜಾಗದಲ್ಲಿ, ಮುನ್ನುಗ್ಗಿದ ಜಾಗದಲ್ಲಲ್ಲ. ಇಲ್ಲದಿದ್ದರೆ ಎಲ್ಲರೂ ಗೋಡೆ ಹತ್ತಿರವೇ ಕಲ್ಲು ನೆಡ್ತಿದ್ದರು, ಅಲ್ವಾ? ಆದರೆ ಬದುಕುಳಿದ ಸೈನಿಕರಿಗೆ 'ಹಿಂದೆ' ಅನ್ನೋದು 'ಹೆದರಿದರು' ಅಂದಂತೆ ಕೇಳಿಸಿತು. ನಮ್ಮ ಗೆಳೆಯರು ಸತ್ತದ್ದು ಗೋಡೆ ಹತ್ತಿರ ಅಂತ ಪಟ್ಟು ಹಿಡಿದರು. ಜಗಳ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಸೈನಿಕರೇ ಗೆದ್ದರು. 1891ರಲ್ಲಿ ಸ್ಮಾರಕ ಗೋಡೆಯ ಪಕ್ಕದಲ್ಲೇ ಎದ್ದಿತು.

ಅದರ ಮೇಲಿನ ಕಂಚಿನ ಸೈನಿಕ ಗುಂಡು ಹಾರಿಸುತ್ತಿಲ್ಲ. ಬಂದೂಕನ್ನು ತಿರುಗಿಸಿ ಹಿಡಿದು, ದೊಣ್ಣೆ ಥರ ಬೀಸುತ್ತಿದ್ದಾನೆ. ಸುಮ್ನೆ ಆರಿಸಿದ ಭಂಗಿ ಅಲ್ಲ ಅಂತ ನನಗನ್ನಿಸುತ್ತದೆ: ಶತ್ರು ಕೈಗೆಟಕುವಷ್ಟು ಹತ್ತಿರ ಇದ್ದರೆ ತಾನೇ ಹಾಗೆ ಬೀಸೋದು!